ಬಾರಾಲಾಚಾದ ಏರಿನಲ್ಲಿ ನಾನು ಆಡಿದ ಮಾತು

ಶಾಂತಾ, ನಿನ್ನ ಗಂಡ ನಿನಗೆ ಕೊಟ್ಟ ಮಾತನ್ನು ಮುರಿಯಲಿಲ್ಲ. ಮುರಿಸಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಅವನು ತಿರುಗಿ ಹೋಗೋಣ ಎಂದ. ಬೇಡ ಎಂದವನು ನಾನು. ಆಮೇಲೆ ವಲಾಂಡಿಯ ನಿಮ್ಮ ಪಡಸಾಲೆಯಲ್ಲಿ ಕುಳಿತು, ಎಲ್ಲರೆದುರು, ಅದನ್ನು ತಿರುಗಿಸಿ ಹೇಳಿದವನೂ ನಾನೇ. ಆರು ವರ್ಷದಿಂದ ಸತ್ತ ಗಂಡನ ಮೇಲೆ ನೀನು ಇಟ್ಟುಕೊಂಡಿರುವ ಸಿಟ್ಟು ಅವನಿಗೆ ಸೇರಬೇಕಾದದ್ದಲ್ಲ.

ನಾನು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡದ ಅಕ್ಷರಗಳನ್ನು ಅವ್ವ ಮನೆಯಲ್ಲಿ ಕಲಿಸಿದ್ದು. ತಪ್ಪುಗಳಿದ್ದಾವು. ಆದರೂ ಇದನ್ನು ಅವಳ ಮಾತಿನಲ್ಲೇ ಬರೆಯಬೇಕು ಅನ್ನಿಸಿತು.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ಅಲ್ಲಿಯವರೆಗೆ ನನ್ನ ಮಾತಿನಲ್ಲಿ ಸುಳ್ಳಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ನಾನು ಉಮರ್ಗಾದಿಂದ, ಸಿದ್ಧರಾಮ ವಲಾಂಡಿಯಿಂದ ಸೈಕಲ್ ಹತ್ತಿ ಹೊರಡುತ್ತಿದ್ದೆವು. ನಿಲಂಗಾದಲ್ಲಿ ಬಸ್ ನಿಲ್ದಾಣದ ಹತ್ತಿರದ ಚಹಾದ ಅಂಗಡಿಯಲ್ಲಿ ಕೂಡುತ್ತಿದ್ದೆವು. ಯಾವಾಗಲೂ ಅವನೇ ಮೊದಲು ಬಂದು ಕುಳಿತಿರುತ್ತಿದ್ದ. ನಾನು ಬೆವರೊರೆಸುತ್ತ ಇಳಿದರೆ ಸಾಕು —

"ಯಾಕ್ರೀ ಅಣ್ಣಾರ, ಎತ್ತಿನ ಗಾಡಿಗೆಲ್ಲ ದಾರಿ ಬಿಟ್ಟು ಬಂದ್ರೇನು?"

"ಬಿಟ್ಟೆ ದಾಜಿ. ಅದರಾಗ ನಿಮ್ಮಂಥ ಎತ್ತ ಇದ್ದುವು."

ಅಂಗಡಿಯವನೂ ನಗುತ್ತಿದ್ದ. ತಂಗಿಯ ಗಂಡ ಎಂದು ನಾನು ಅವನನ್ನು ದಾಜಿ ಅನ್ನುತ್ತಿದ್ದೆ, ಚಿಕ್ಕವನಾದರೂ. ಅವನು ನನ್ನನ್ನು ಹಿರಿಯ ಎಂದೇ ಕಂಡ. ಅದೇ ಅವನಿಗೆ ಮುಳುವಾಯಿತು.

ನಮ್ಮ ಕಡೆ ಏರು ಎಂದರೆ ಉದಗೀರದ ದಾರಿಯ ಒಂದು ದಿನ್ನೆ. ಅದನ್ನೇ ಹತ್ತು ಸಲ ಹತ್ತಿ ಇಳಿದು ನಾವು ಹಿಮಾಲಯಕ್ಕೆ ತಯಾರಾದೆವು. ನಿಮ್ಮ ಮನೆಯ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅವನು ಪೆನ್ಸಿಲಿನಿಂದ ದಾರಿ ಬರೆದಿದ್ದ — ಮನಾಲಿಯಿಂದ ಲೇಹ್‌ವರೆಗೆ ಒಂದೇ ಗೆರೆ. ಘಾಟು ಬಂದಲ್ಲಿ ಗೆರೆ ಏರುತ್ತಿತ್ತು, ಕಣಿವೆ ಬಂದಲ್ಲಿ ಇಳಿಯುತ್ತಿತ್ತು. ಎಲ್ಲಿ ತಂಗುವುದು, ಎಲ್ಲಿ ನೀರು ಸಿಗುತ್ತದೆ, ಎಲ್ಲ ಅದರಲ್ಲಿತ್ತು.

ಹೊರಡುವ ದಿನ ದೇವರ ಮನೆಯ ಮುಂದೆ ನೀನು ಅವನನ್ನು ನಿಲ್ಲಿಸಿದೆ. "ಅಷ್ಟು ಎತ್ತರದಾಗ ಮೊದಲ ತಲಿ ನೋಯ್ತದಂತ. ನೋಯ್ಲಾಕ ಸುರು ಆತಂದ್ರ ಅಲ್ಲಿಂದನ ಹೊಳ್ಳಿ ಬರಬೇಕು. ಲಿಂಗ ಮುಟ್ಟಿ ಹೇಳ್ರಿ." ಅವನು ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟು ಹೇಳಿದ. ನೀನು ನನ್ನ ಕಡೆ ತಿರುಗಿದೆ. "ಅಣ್ಣಾ, ನಿನಗ ಆಣಿ ಹಾಕೂದಿಲ್ಲ. ನೀ ಇದ್ದೀ ಅಂತನ ಕಳಸಲತ್ತೀನಿ."

ನನ್ನಿಂದಲೂ ಆಣೆ ಹಾಕಿಸಿದ್ದರೆ — ಇಲ್ಲ, ಅದು ನಿನ್ನ ಮೇಲೆ ಹೊರಿಸಿದಂತೆ ಆಗುತ್ತದೆ. ಬೇಡ.

ಲೇಹ್‌ನ ದಾರಿಯಲ್ಲಿ, ಬಾರಾಲಾಚಾ ಘಾಟಿನ ಕೆಳಗೆ ಜಿಂಗ್‌ಜಿಂಗ್‌ಬಾರ್ ಎಂಬಲ್ಲಿ ಧಾಬಾದವರ ಡೇರೆಗಳಿವೆ. ಹಿಂದಿನ ಸಂಜೆಯಿಂದಲೇ ಅವನು ಮಂಕಾಗಿದ್ದ, ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವನು ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತಿದ್ದ.

"ಅಣ್ಣಾರ, ತಲಿ ಸಿಡಿಲತ್ತದ. ಶಾಂತಾಗ ಮಾತ ಕೊಟ್ಟೀನಿ. ಹೊಳ್ಳಿ ಹೋಗೂಣು."

ಇದು ಅವನ ಮಾತು, ಶಾಂತಾ. ಒಂದಕ್ಷರವನ್ನೂ ನಾನು ಸೇರಿಸಿಲ್ಲ.

ಅದೇ ಹೊತ್ತಿಗೆ ಪುಣೆಯ ನಾಲ್ಕು ಮಂದಿ ಸೈಕಲ್ ಸವಾರರು ನಮ್ಮ ಡೇರೆ ದಾಟಿ ಮೇಲೆ ಹೋದರು. ಉಮರ್ಗಾದ ಪೇಟೆಯಲ್ಲಿ ನಾನು ಎಷ್ಟೋ ಮಂದಿಗೆ ಹೇಳಿಬಂದಿದ್ದೆ — ಬಾರಾಲಾಚಾದ ನೆತ್ತಿಯ ಮೇಲಿಂದ ಫೋಟೋ ಕಳಿಸುತ್ತೇನೆ ಎಂದು. ಇನ್ನೊಂದಿದೆ. ಬಯಲಿನಲ್ಲಿ ನನ್ನನ್ನು ಸದಾ ಹಿಂದೆ ಹಾಕುತ್ತಿದ್ದವನು, ಈ ಗುಡ್ಡಗಳಲ್ಲಿ ಎರಡು ದಿನದಿಂದ ನನ್ನ ಹಿಂದೆ ಇದ್ದ. ಅದು ನನಗೆ ಹಿತವಾಗಿತ್ತು. ಬರೆಯಲು ಕೈ ಬರುತ್ತಿಲ್ಲ, ಆದರೆ ಹಿತವಾಗಿತ್ತು.

ಅವನ ನೇಮ ನಿನಗೆ ಗೊತ್ತು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವನಲ್ಲ. ಧಾಬಾದ ಡಬ್ಬಿಯ ನೀರು ಹೆಪ್ಪುಗಟ್ಟಿತ್ತು; ಒಲೆ ಹೊತ್ತಿಸಿ ಕಾಸಿಕೊಡಲು ಅರ್ಧ ತಾಸು ಬೇಕು ಎಂದ ಧಾಬಾದವನು. ಬಿಸಿಲೇರಿದರೆ ಹಿಮ ಕರಗಿ ಹಳ್ಳಗಳು ದಾರಿಯ ಮೇಲೆ ಹರಿಯುತ್ತವೆ, ಬೇಗ ದಾಟಬೇಕು — ಇದು ನಿಜ. ಆದರೆ ಆ ನಿಜವನ್ನು ನಾನು ಅಂದು ಚಾಟಿಯ ಹಾಗೆ ಬಳಸಿದೆ.

"ಹೆಣ್ತಿ ಕೈಯಾಗ ಮೂಗದಾರ ಕೊಟ್ಟು ಬಂದೀರೇನು ದಾಜಿ? ಪೂಜಿ ಮ್ಯಾಲ ಹೋಗಿ ಮಾಡ್ರಿ. ಶಿವನ ಮನಿ ಬಾಗಲದಾಗ ಕುಂತು ಮಾಡಿದಂಗ ಆಗ್ತದ."

ಅವನು ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗಿಷ್ಟು ಕಷ್ಟವಾಗುತ್ತಿರಲಿಲ್ಲ. "ಆಯ್ತು. ನೀವು ಹಿರೇರು," ಎಂದ. ಸೈಕಲ್ ಹಿಡಿದ.

ಮೊದಲ ತಿರುವುಗಳನ್ನು ತುಳಿದೇ ಹತ್ತಿದ. ಆಮೇಲೆ ಇಳಿದು ನೂಕುತ್ತ ನಡೆದ. ನಾನು ತಿರುವಿಗೊಮ್ಮೆ ನಿಂತು ಅವನಿಗಾಗಿ ಕಾಯುತ್ತ, ರಾತ್ರಿ ಹೊದಿಕೆಯೊಳಗೆ ಇಟ್ಟುಕೊಂಡಿದ್ದ ನನ್ನ ಬಾಟಲಿಯ ನೀರು ಕುಡಿಯುತ್ತಿದ್ದೆ. ನಾನು ಪೂಜೆ ಬಿಟ್ಟು ವರ್ಷಗಳಾಗಿದ್ದವು, ನನಗೇನು ಅಡ್ಡಿ? ಅವನ ತುಟಿ ಬಿಳಿಚಿ ಸೀಳಿತ್ತು. ಒಮ್ಮೆ ಬಾಟಲಿ ಚಾಚಿದೆ. "ಪೂಜಿ ಆಗಿಲ್ಲ ಅಣ್ಣಾರ," ಎಂದು ತಲೆ ಆಡಿಸಿದ. ಅಲ್ಲೇ ಒಂದು ಬಂಡೆಯ ಮೇಲೆ ಕೂರಿಸಿ, ನನ್ನ ಬಾಟಲಿಯ ನೀರಿನಿಂದಲೇ ಪೂಜೆ ಮಾಡಿಸಬಹುದಿತ್ತು. ಐದು ನಿಮಿಷದ ಕೆಲಸ. ಆಮೇಲೆ ತಿರುಗಿದರೆ ಬರೀ ಇಳಿಜಾರು, ಕೆಳಗೆ ಧಾಬಾ. "ಇನ್ನ ಸ್ವಲ್ಪ ಅದ, ಬರ್ರಿ," ಎಂದೆ.

ಸೂರಜ್ ತಾಲ್ ಎಂಬ ನೀಲಿ ಕೆರೆಯ ದಂಡೆಯಲ್ಲಿ ಅವನು ಕುಸಿದು ಕುಳಿತ. ಕೆಮ್ಮು ಹತ್ತಿತ್ತು, ಎದೆಯೊಳಗೆ ನೀರು ಗುಳುಗುಳು ಅನ್ನುತ್ತಿತ್ತು. ನನ್ನ ತೋಳು ಹಿಡಿದು ಕೇಳಿದ — "ನಿಲಂಗಾ ಬಂತೇನ್ರೀ? ಚಾ ಹೇಳ್ರಿ." ಆಗ ನನಗೆ ಭಯವಾಯಿತು. ಆಗ ಮಾತ್ರ.

ಮೇಲಿನಿಂದ ಬರುತ್ತಿದ್ದ ಒಂದು ಲಾರಿಯವನು ಕೇಳದೆಯೇ ನಿಲ್ಲಿಸಿದ. ಇಬ್ಬರೂ ಎತ್ತಿ ಕೂರಿಸಿದೆವು. ದಾರಿಯಲ್ಲಿ ಬಾಟಲಿಯನ್ನು ಬಾಯಿಗೆ ಹಿಡಿದೆ. ಅವನು ಹಲ್ಲು ಕಚ್ಚಿಕೊಂಡ. ಕೆಳಗಿನ ಊರು ದಾರ್ಚಾ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅವನ ತಲೆ ಭಾರವಾಯಿತು.

ಎತ್ತರದ ಬೇನೆ, ತಲೆನೋವು ಶುರುವಾದಾಗಲೇ ಕೆಳಗೆ ಇಳಿಸಬೇಕಿತ್ತು ಎಂದರು ಡಾಕ್ಟರು. ನೀರು ಕುಡಿಯದಿದ್ದುದೂ ಕಾರಣವೇ ಎಂದು ನಾನು ಕೇಳಲಿಲ್ಲ. ಎರಡರಲ್ಲೂ ನನ್ನ ಕೈ ಇತ್ತು.

ನಿಮ್ಮ ಹೊಲದಲ್ಲಿ ಅವನನ್ನು ಮಣ್ಣು ಮಾಡಿದ ಮೂರನೆಯ ದಿನ, ಪಡಸಾಲೆ ತುಂಬ ಬೀಗರು, ನೆಂಟರು. ನೀನು ಒಂದೇ ಒಂದು ಮಾತು ಕೇಳಿದೆ: "ಅಣ್ಣಾ, ಅವರು ಹೊಳ್ಳಿ ಹೋಗೂಣು ಅನ್ಲಿಲ್ಲೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಾ ಭಾಳ ಹೇಳ್ದೆ ತಂಗಿ," ಎಂದೆ. "ಕೇಳಲಿಲ್ಲ."

ನಿನ್ನ ಅಳು ಅಲ್ಲಿಗೇ ನಿಂತಿತು. ನಾನು ಕಣ್ಣಾರೆ ನೋಡಿದೆ. ನೀನು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದೆ. ಅಂದಿನಿಂದ ನೀನು ಅವನಿಗಾಗಿ ಅತ್ತದ್ದನ್ನು ಯಾರೂ ಕಂಡಿಲ್ಲ. ಗದ್ದುಗೆಗೆ ಒಂದು ಪತ್ರಿ ಏರಿಸಲಿಲ್ಲ. ಲಿಂಗ ಮುಟ್ಟಿ ಹೇಳಿದವನೇ ಮೋಸ ಮಾಡಿದ ಮೇಲೆ ಇನ್ನು ಯಾರನ್ನು ನಂಬಲಿ ಎಂದು ನನ್ನ ಹೆಂಡತಿಯ ಹತ್ತಿರ ಅಂದೆಯಂತೆ. ನಂಬಿದ್ದು ಮಾತ್ರ ನನ್ನನ್ನು. ಆರು ವರ್ಷವೂ ನನ್ನನ್ನು ನಂಬಿದೆ, ನನ್ನ ತಟ್ಟೆಗೆ ತುಪ್ಪ ಹಾಕಿದೆ.

ಕಳೆದ ತಿಂಗಳು ನಾನು ಬಂದಾಗ ನಿನ್ನ ಅತ್ತೆ ತಮ್ಮ ಮಗನ ಫೋಟೋಕ್ಕೆ ಹೂ ಏರಿಸುತ್ತಿದ್ದರು. ನೀನು ಚಹಾ ಕೊಡುತ್ತ ಅಂದೆ, "ಮಾತ ತಪ್ಪಿದವರಿಗೆ ಯಾಕ ಹೂ, ಅತ್ತಿ?" ಆ ಮುದುಕಿ ನನ್ನ ಕಡೆ ತಿರುಗಿ ಕೇಳಿದರು — "ನೀನರ ಹೇಳಪಾ, ನನ ಮಗ ಅಂಥಾಂವಾ ಇದ್ದನೇನು?"

ನಾನು ಚಹಾ ಕುಡಿದೆ, ಶಾಂತಾ. ತಲೆ ತಗ್ಗಿಸಿ ಚಹಾ ಕುಡಿದೆ.

ಮೊದಲ ಸುಳ್ಳನ್ನು ಹೆದರಿ ಹೇಳಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಕಳೆದ ತಿಂಗಳು ಆ ಮುದುಕಿಯ ಎದುರು ಯಾವ ಹೆದರಿಕೆ ಇತ್ತು? ಮೋಸ ಹೋದೆ ಎಂಬ ನಿನ್ನ ಮಾತು ಸರಿಯೇ. ಮೋಸ ಮಾಡಿದವನ ಹೆಸರು ಮಾತ್ರ ತಪ್ಪು. ನಿನ್ನ ಗಂಡನನ್ನು ಕಳೆದೆ; ಆಮೇಲೆ ನಿನ್ನ ದುಃಖವನ್ನೂ ಕಿತ್ತುಕೊಂಡೆ. ಅವನ ತಾಯಿಗೆ ಮಗನ ಒಳ್ಳೆಯ ಹೆಸರೂ ಉಳಿಯದಂತೆ ಮಾಡಿದೆ. ನಾನೂ ಗೆಳೆಯನನ್ನು ಕಳೆದುಕೊಂಡೆ ಎಂದು ಬರೆಯಲು ಹೋಗಿ ಒಂದು ಸಾಲು ಹೊಡೆದುಹಾಕಿದ್ದೇನೆ. ನಿನ್ನ ಮುಂದೆ ಆ ಸಾಲಿಗೆ ಜಾಗವಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ರವಿವಾರ ಬೆಳಗಿನ ಬಸ್ಸಿಗೆ ವಲಾಂಡಿಗೆ ಬರುತ್ತೇನೆ. ಅಂದು ಪಡಸಾಲೆಯಲ್ಲಿ ಇದ್ದವರಿಗೆಲ್ಲ ಫೋನ್ ಮಾಡಿ, ಬರಬೇಕು ಎಂದು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಈ ಕಾಗದ ನಿನಗೆ ಅದಕ್ಕಿಂತ ಮೊದಲೇ ಮುಟ್ಟಲಿ ಎಂದು ಕಳಿಸುತ್ತಿದ್ದೇನೆ — ಎಲ್ಲರ ನಡುವೆ ಮೊದಲ ಸಲ ಕೇಳುವ ಕಷ್ಟ ನಿನಗೆ ಬೇಡ. ಸಿದ್ಧರಾಮ ಏನೆಂದ, ನಾನು ಏನೆಂದೆ, ಎರಡನ್ನೂ ಅವನ ತಾಯಿಯ ಎದುರಿಗೆ ಹೇಳುತ್ತೇನೆ. ಆಮೇಲೆ ನೀನು ಅನ್ನುವುದನ್ನೆಲ್ಲ ಕೇಳುತ್ತೇನೆ. ಏನೂ ಅನ್ನದಿದ್ದರೆ ಅದನ್ನೂ ಕೇಳುತ್ತೇನೆ.

ನಾನು ಹೊಸ್ತಿಲಲ್ಲೇ ನಿಲ್ಲುತ್ತೇನೆ. ಅಭ್ಯಾಸಬಲದಿಂದ ನೀನು ಚಾಪೆ ಹಾಸಲು ಎದ್ದೀಯೆ. ಏಳಬೇಡ.