ಭಾವನ ಈಜುಕೊಳ

ನಮ್ಮ ಭಾವ ಮೂವತ್ತೆಂಟು ವರ್ಷ ಔಷಧಿ ಅಂಗಡಿ ನಡೆಸಿದವರು. ಯಾವ ಬಾಟಲಿ ಕೈಗೆ ಬಂದರೂ ಮೊದಲು ತಲೆಕೆಳಗು ಮಾಡಿ ತಾರೀಖು ನೋಡುವುದು, ಆಮೇಲೆ ಮಾತು. ಒಮ್ಮೆ ನಮ್ಮ ಮನೆಗೆ ಬಂದವರು ಜಾಮಿನ ಬಾಟಲಿಯನ್ನೂ ಬಿಡಲಿಲ್ಲ. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಅಕ್ಕನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿದಾಗ ಡಾಕ್ಟರು, "ನೀರಲ್ಲಿ ನಡೆಸಿ. ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟು, ಆಮೇಲೆ ಕಷ್ಟ" ಎಂದರು. ಭಾವ ಅಂಗಡಿ ಮಾರಿ, ಹಿತ್ತಲಲ್ಲಿ ಈಜುಕೊಳವಿದ್ದ ಹಳೆಯ ಮನೆಯೊಂದನ್ನು ಕೊಂಡು ಎರಡನೇ ತಿಂಗಳಿಗೆ ಅಲ್ಲಿ ಸೇರಿದರು. ಅವರಿಗೋ ಈಜು ಬಾರದು. ಹಿಂದಿನವರು ಪಂಪಿನ ಕೋಣೆಯಲ್ಲಿ ನೀರು ಪರೀಕ್ಷೆಯ ಪೆಟ್ಟಿಗೆ ಬಿಟ್ಟುಹೋಗಿದ್ದರು. ಗಾಜಿನ ಕೊಳವೆಯಲ್ಲಿ ಕೊಳದ ನೀರು ತುಂಬಿ, ಬಾಟಲಿಯಿಂದ ಐದು ಹನಿ ಬಿಡಬೇಕು. ಕೆಂಪಾದರೆ ನೀರಲ್ಲಿ ಕ್ಷಾರ ಹೆಚ್ಚು, ಆಸಿಡ್ ಸುರಿಯಬೇಕು; ಹಳದಿಯಾದರೆ ಹುಳಿ ಹೆಚ್ಚು, ಸೋಡಾ. ವಾರವೆಲ್ಲ ಕೆಂಪೇ ಬಂತು, ಭಾವ ಆಸಿಡ್ ಸುರಿದರು.

ವಾರ ಕಳೆದ ಮೇಲೆ ನಾನೂ ಭಾವನೂ ಅಕ್ಕನನ್ನು ಮೊದಲ ಸಲ ಮೆಲ್ಲಗೆ ಕೊಳದ ಮೆಟ್ಟಿಲಿಳಿಸಿದೆವು. ನೀರಲ್ಲಿ ಆ ಎಡಗಾಲು ತಾನಾಗಿ ಎರಡು ಅಂಗುಲ ಮೇಲೆದ್ದಿತು. ಭಾವ ಅತ್ತೇಬಿಟ್ಟರು. ಆದರೆ ಹತ್ತು ನಿಮಿಷಕ್ಕೆ ಅಕ್ಕನ ಮೈಯೆಲ್ಲ ಉರಿ, ದದ್ದು.

"ನೀರು ಕಚ್ಚುತ್ತೆ ರೀ."

"ಇನ್ನೂ ಹದಕ್ಕೆ ಬಂದಿಲ್ಲ ಕಣೇ. ಕೆಂಪೇ ತೋರಿಸ್ತಿದೆ ನೋಡು. ಆಸಿಡ್ ಸಾಲದು."

ಅಂದಿನಿಂದ ಪ್ರತಿ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹನಿ ಎಣಿಸಿದರು. ಮೆಟ್ಟಿಲ ಸಿಮೆಂಟು ಪುಡಿಪುಡಿಯಾಗಿ ಉದುರತೊಡಗಿತು, ಕಂಬಿ ತುಕ್ಕು ಹಿಡಿಯಿತು. "ಗೊತ್ತಿರೋರನ್ನ ಯಾರನ್ನಾದ್ರೂ ಕರೆಸಿ ಭಾವ" ಎಂದೆ. "ಮೂವತ್ತೆಂಟು ವರ್ಷ ಹನಿ ಅಳೆದವನಿಗೆ ನೀನು ಹೇಳಿಕೊಡ್ತೀಯಾ?" ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ. ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ ಎನ್ನುತ್ತಲೇ ತಿಂಗಳುಗಳು ಕಳೆದವು. ಅಕ್ಕ ದಂಡೆಯ ಕುರ್ಚಿಯಲ್ಲಿ ಕೂತು ನೀರು ನೋಡುತ್ತಿದ್ದಳು.

ಲಕ್ವ ಹೊಡೆದ ಏಳನೇ ತಿಂಗಳ ಒಂದು ಬೆಳಿಗ್ಗೆ ಭಾವ ಬಾಟಲಿಯನ್ನು ಅಕ್ಕನ ಕೈಗೆ ಕೊಟ್ಟು ಕೊಳವೆ ತೊಳೆಯಲು ಬಗ್ಗಿದರು. ಗಂಡನಿಂದ ಕಲಿತ ಚಾಳಿ, ಅಕ್ಕ ಬಾಟಲಿಯನ್ನು ತಲೆಕೆಳಗು ಮಾಡಿದಳು.

"ರೀ, ಇದರ ಡೇಟ್ ಮುಗಿದು ನಾಲ್ಕು ವರ್ಷ ಆಯ್ತಲ್ರೀ."

ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಯಾರೂ ಕುಡಿಯುವುದಲ್ಲವಲ್ಲ ಎಂದು, ಜನ್ಮದಲ್ಲಿ ಆ ಒಂದು ಬಾಟಲಿಯನ್ನು ಮಾತ್ರ ಭಾವ ತಿರುಗಿಸಿ ನೋಡಿರಲಿಲ್ಲ. ಹೊಸ ಬಾಟಲಿಯ ಹನಿ ಬಿದ್ದದ್ದೇ ಕೊಳವೆ ನಿಂಬೆಹಣ್ಣಿನ ಹಳದಿಗೆ ತಿರುಗಿತು. ಐದು ತಿಂಗಳು ಹುಳಿ ನೀರಿಗೇ ಆಸಿಡ್ ಸುರಿದಿದ್ದರು. ಸೋಡಾ ಹಾಕಿದ ಹತ್ತು ದಿನಕ್ಕೆ ನೀರು ಹದಕ್ಕೆ ಬಂತು.

ಅಕ್ಕನನ್ನು ಮತ್ತೆ ಇಳಿಸಿದೆವು. ಭಾವ ಸೊಂಟಮಟ್ಟದ ನೀರಲ್ಲಿ ನಿಂತು ಆ ಕಾಲನ್ನೇ ನೋಡುತ್ತಿದ್ದರು. ಅದು ಏಳಲಿಲ್ಲ. ತಾವೇ ಕೈಯಿಂದ ಎತ್ತಿ ಬಿಟ್ಟರು. ಮುಳುಗಿತು. ಮತ್ತೆ ಎತ್ತಿದರು, ಮತ್ತೆ ಮುಳುಗಿತು.

"ಬಿಡಿ ರೀ" ಎಂದಳು ಅಕ್ಕ. "ನೀರು ಈಗ ಕಚ್ಚಲ್ಲ."

ಭಾವ ಇನ್ನೊಮ್ಮೆ ಎತ್ತಿದರು.