ಆಲ್ಪ್ಸ್ ತಪ್ಪಲಲ್ಲಿ ಡೊಂಬಿವಲಿಯ ನಾತ

ದೆವ್ವ, ಶಕುನ, ಮಾಟ ಯಾವುದನ್ನೂ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಬುದ್ಧಿ ಹೇಳಲು ಹೋಗುತ್ತಿದ್ದೆ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಬಾಡಿಗೆಯ ಒಂದು ಪುಟ್ಟ ಗಾಳಾ, ಅಂದರೆ ಕಾರ್ಖಾನೆಯ ಕೋಣೆ, ಹಿಡಿದು ರಟ್ಟಿನ ಪೆಟ್ಟಿಗೆ ಮಾಡಲು ಶುರು ಮಾಡಿದವನು ನಾನು. ಕಣ್ಣಿಗೆ ಕಂಡದ್ದನ್ನೂ ಕೈಯಲ್ಲಿ ಮುಟ್ಟಿ, ಮಡಚಿ ನೋಡಿ ಆಮೇಲೆ ದರ ಮಾತಾಡುವುದು ನನ್ನ ಕ್ರಮ. ಹಾಗಿರುವಾಗ ಈಗ ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ.

ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಹಿರಿಯರಿಗೆ ಈಗ ಯುರೋಪಿನ ಹುಚ್ಚು. ಟೂರ್ ಕಂಪನಿಯ ಜೊತೆ ಹೋಗುವುದೋ, ನಾವೇ ಹೋಗುವುದೋ ಎಂದು ನನ್ನನ್ನು ಕೇಳುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ. ಟೂರಿನವರ ಬಸ್ಸು ಹತ್ತಿದರೆ ಮೂತ್ರಕ್ಕೂ ಅಪ್ಪಣೆ ಬೇಕು. ಪ್ಯಾರಿಸಿನಲ್ಲೂ ಅದೇ ಪನೀರು, ಅದೇ ಜೀರಾ ರೈಸು. ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ, ಮುಂದಿನ ಸೀಟಿನಲ್ಲಿ ಉಪ್ಪಿನಕಾಯಿ ಡಬ್ಬ. ಚರಿತ್ರೆ ನೋಡಲು ಹತ್ತು ನಿಮಿಷ, ಅವರಿಗೆ ಕಮಿಷನ್ ಬರುವ ಗಡಿಯಾರದ ಅಂಗಡಿಯಲ್ಲಿ ಒಂದು ಗಂಟೆ. ಠಾಣೆಯ ಒಂದು ಕಂಪನಿಯವರ ಜೊತೆ ನಾನು ಮೂರು ಸಂಜೆ ಚೌಕಾಶಿ ಮಾಡಿ, ಕಡೆಗೆ ಅವರ ಚಹಾ ಕುಡಿದು, ಅಸಹ್ಯಪಟ್ಟು ಎದ್ದು ಬಂದವನು. ನಾವೇ ಹೋದೆವು, ನಾನು ಮತ್ತು ನನ್ನ ಹೆಂಡತಿ ವಸಂತಿ. ಸ್ವಂತ ಹೋಗುವುದೂ ಸ್ವರ್ಗವಲ್ಲ. ಲಿಫ್ಟಿಲ್ಲದ ಮನೆಗಳು, ಸರಿಯಾಗಿ ತೊಳೆಯದ ಬಾಣಲೆ, ಬಾಯಿ ಬಿಗಿದುಕೊಂಡ ಮಾಲೀಕರು. ಆದರೂ ಕೊಟ್ಟ ದುಡ್ಡಿಗೆ ನಮ್ಮ ಕಾಲು ನಮ್ಮ ಮಾತು ಕೇಳುತ್ತಿತ್ತು.

ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಒಂದು ಊರು. ಒಂದೇ ರಾತ್ರಿಯ ವಾಸ್ತವ್ಯ ಎಂದು ದೊಡ್ಡ ಪೆಟ್ಟಿಗೆಗಳನ್ನು ಕೆಳಗಿನ ಸ್ಟೇಷನ್ನಿನ ಲಾಕರಿನಲ್ಲಿಟ್ಟು ಹೋಗಿದ್ದೆವು. ಅದು ಸರಿಯಾದ ಕ್ರಮವೇ, ಈಗಲೂ ಹೇಳುತ್ತೇನೆ. ಆದರೆ ವಸಂತಿಯ ದಮ್ಮಿನ ಪಂಪು, ಅಂದರೆ ಇನ್ಹೇಲರು, ಆ ಪೆಟ್ಟಿಗೆಯಲ್ಲಿ ಉಳಿದಿತ್ತು. ಅಲ್ಲಿನ ಶುದ್ಧ ಗಾಳಿಗೆ ಅವಳಿಗೆ ಅದರ ನೆನಪೇ ಬಂದಿರಲಿಲ್ಲ. ಔಷಧಿ ಯಾವಾಗಲೂ ಕೈಚೀಲದಲ್ಲಿರಲಿ.

ಬೆಳಗಾಗಿತ್ತು. ನಾನು ಚಹಾಕ್ಕೆ ನೀರಿಟ್ಟಿದ್ದೆ. ಹಾಸಿಗೆಯಿಂದ ವಸಂತಿ ಎದ್ದು, ಅರ್ಧ ನಿದ್ದೆಯಲ್ಲೇ ಕಿಟಕಿಗಳನ್ನು ಧಡಧಡ ಮುಚ್ಚಿದಳು. ನೀರಿನ ಪಾತ್ರೆಯ ಮೇಲೆ ತಟ್ಟೆ ಕವುಚಿ ಹಾಕಿ, "ತೂಲೆ, ಬುಡಿಯೆರ್" ಎಂದಳು ತುಳುವಿನಲ್ಲಿ. ನೋಡಿ, ಬಿಟ್ಟರು ಎಂದು. ಡೊಂಬಿವಲಿ ಪೂರ್ವದಲ್ಲಿ, ರಾಸಾಯನಿಕ ಕಾರ್ಖಾನೆಗಳ ಎಂಐಡಿಸಿಯ ಮಗ್ಗುಲಿಗೆ ನಮ್ಮ ಹಾಗೆ ಬದುಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಯಾವುದೋ ಕಂಪನಿ ಗ್ಯಾಸು ಬಿಟ್ಟಾಗ ಮನೆಮನೆಯ ಹೆಂಗಸರೂ ಹೀಗೇ ಏಳುತ್ತಾರೆ.

ನಗಲು ಬಾಯಿ ತೆರೆದೆ. ಆಗ ನನಗೂ ಬಡಿಯಿತು. ಕೊಳೆತ ಕೋಸು, ಸುಟ್ಟ ರಬ್ಬರು, ಅದರಡಿಯಲ್ಲಿ ಹಲ್ಲಿನ ಬುಡಕ್ಕೆ ಅಂಟುವ ಒಂದು ಹೇಸಿಗೆಯ ಸಿಹಿ. ಅದೇ ನಾತ. ಮೂವತ್ತು ವರ್ಷ ಅದರಲ್ಲಿ ಉಂಡು ಮಲಗಿದ ಮೂಗಿಗೆ ಮೋಸವಾಗುವುದಿಲ್ಲ. ಚರಂಡಿ, ಬಚ್ಚಲು, ಒಲೆ, ಕಸದ ಬುಟ್ಟಿ ಎಲ್ಲ ಮೂಸಿ ನೋಡಿದೆ. ಎಲ್ಲಿಂದಲೂ ಅಲ್ಲ. ಮನೆಯ ಮಾಲೀಕ ಮೇಲೆ ಬಂದ, ಮೂಗು ಅರಳಿಸಿದ, ಏನೂ ಇಲ್ಲ ಎಂದು ತಲೆಯಾಡಿಸಿದ. ಅಷ್ಟರಲ್ಲಿ ವಸಂತಿ ಮಂಚದ ಅಂಚು ಹಿಡಿದು ಬಗ್ಗಿ ಕೂತಿದ್ದಳು. ಎದೆಯಲ್ಲಿ ಶಿಳ್ಳೆ, ತುಟಿ ನೀಲಿ. ಮಾಲೀಕ ಆಂಬುಲೆನ್ಸಿಗೆ ಫೋನ್ ಮಾಡಿದ. ಕಣಿವೆಯಿಂದ ಹತ್ತಿ ಬರಬೇಕು, ಹೊತ್ತಾಗುತ್ತದೆ ಎಂದ.

ಎದುರಿನ ಹೋಟೆಲಿನ ಮುಂದೆ ಮುಂಬಯಿ ಕಡೆಯ ಟೂರ್ ಬಸ್ಸೊಂದು ಹೊರಟು ನಿಂತಿತ್ತು. ಓಡಿದೆ. ಯಾರ ಬಳಿಯಾದರೂ ಪಂಪು ಇದೆಯಾ ಎಂದು ಕೇಳಿದೆ. ಟೂರ್ ಮ್ಯಾನೇಜರ್ ಗಡಿಯಾರ ನೋಡಿಕೊಂಡ.

"ಕಾಕಾ, ನೀವು ನಮ್ಮ ಗ್ರೂಪಿನವರಲ್ಲವಲ್ಲ. ಕೇಬಲ್ ಕಾರಿನ ಸ್ಲಾಟ್ ತಪ್ಪುತ್ತದೆ" ಎಂದ ಮರಾಠಿಯಲ್ಲಿ.

ಬಸ್ಸಿನೊಳಗಿಂದ ಯಾರೋ, "ದುಡ್ಡು ಉಳಿಸಲು ಸ್ವಂತ ಬಂದವರ ಹಣೆಬರಹ" ಎಂದರು. ಇನ್ಯಾರೋ ನಕ್ಕರು.

"ಥೂ, ನಿಮ್ಮ ಜನ್ಮಕ್ಕಿಷ್ಟು!" ಎಂದೆ ಕನ್ನಡದಲ್ಲಿ.

"ಯಾರ್ರೀ ಅವ್ರು ಕನ್ನಡದಾಗ ಬಯ್ಯೋರು?" ಎನ್ನುತ್ತ ಒಬ್ಬ ಹೆಂಗಸು ಮೆಟ್ಟಿಲಿಳಿದರು. ಕಾಲಿಗೆ ಬೂಟು, ಮೈಗೆ ಕಚ್ಚೆ ಹಾಕಿದ ನೌವಾರಿ ಸೀರೆ, ಮೇಲೆ ಮಗನದೋ ಏನೋ ಒಂದು ದೊಡ್ಡ ಜಾಕೆಟು. ಹೆಸರು ಶಾಂತಾಬಾಯಿ, ನಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣದವರು. "ನನ್ನ ಕಡೆ ಪಂಪ್ ಅದ. ನಡೀರಿ."

"ಮಾವಶಿ, ಬಸ್ಸು ಹೋಗುತ್ತದೆ" ಎಂದ ಮ್ಯಾನೇಜರ್.

"ಹೋಗ್ಲಿ ಬಿಡೋ. ನಿನ್ನೆ ನೋಡಿದ ಬರ್ಫಾನ ಇವತ್ತೂ ನೋಡೂದು. ಅದೇನ್ ಓಡಿ ಹೋಗ್ತದೇನು?"

ಇಲ್ಲಿ ಓದುವವರು ಒಂದು ಗಮನಿಸಬೇಕು. ನಾನು ಅವರಿಗೆ ಹೇಳಿದ್ದು ಹೆಂಡತಿಗೆ ಉಸಿರು ಕಟ್ಟಿದೆ ಎಂದು ಮಾತ್ರ. ವಾಸನೆಯ ಮಾತೇ ಎತ್ತಿರಲಿಲ್ಲ. ಬಾಗಿಲು ದಾಟಿದ್ದೇ ಶಾಂತಾಬಾಯಿ ಸೆರಗಿನಿಂದ ಮೂಗು ಮುಚ್ಚಿದರು. "ಅಯ್ಯ ಶಿವನ! ನಮ್ಮ ಕಂಪನಿ ನಾತ ಇಲ್ಲೀತನಕಾ ಬಂದದಲ್ರೀ!" ಹಿಂದೆಯೇ ಗೊಣಗುತ್ತ ಬಂದ ಮ್ಯಾನೇಜರ್ ನಾಸಿಕದ ಹುಡುಗ. ಅವನು ಅತ್ತಿತ್ತ ನೋಡಿ, "ಯಾವ ವಾಸನೆ?" ಎಂದ. ಮಾಲೀಕನೂ ಅವನೂ ಮುಖ ಮುಖ ನೋಡಿಕೊಂಡರು. ಅವರ ಕಣ್ಣಿಗೆ ನಾವು ಮೂವರು ಮುದುಕರು ಬುದ್ಧಿ ಕೆಟ್ಟವರು.

ಶಾಂತಾಬಾಯಿ ವಸಂತಿಯ ಬೆನ್ನು ನೇರ ಮಾಡಿ ಕೂರಿಸಿ, ಗದರಿಸುತ್ತ ಪಂಪು ಕೊಟ್ಟರು. "ಎಳೀ. ಹಿಡಕೋ. ಬಿಡಬ್ಯಾಡ. ಈಗ ಬಿಡು." ಎಷ್ಟು ಸಲವೋ. ನಿಧಾನಕ್ಕೆ ಶಿಳ್ಳೆ ಸಣ್ಣದಾಯಿತು, ತುಟಿಗೆ ಬಣ್ಣ ಬಂತು. ವಸಂತಿ ಒಂದು ದೀರ್ಘ ಉಸಿರೆಳೆದು, "ಹೋಯಿತು" ಎಂದಳು. ದಮ್ಮು ಹೋಯಿತು ಎಂದುಕೊಂಡೆ. ಅಲ್ಲ, ನಾತವೂ ಹೋಗಿತ್ತು, ದೀಪ ಆರಿಸಿದ ಹಾಗೆ. ಕಿಟಕಿ ತೆರೆದರೆ ಹೊರಗೆ ಹುಲ್ಲಿನ ವಾಸನೆ. ಆಂಬುಲೆನ್ಸಿನ ಡಾಕ್ಟರು ಬಂದು, ಯಾವುದೋ ಹೂವಿನ ಪರಾಗ ಇರಬೇಕು ಎಂದು ಹೇಳಿ ಹೋದರು. ಪರಾಗವಂತೆ! ಕೋಸು ಕೊಳೆತಂತೆ ನಾರುವ ಪರಾಗ ಯಾವುದು ಎಂದು ಕೇಳಬೇಕೆನಿಸಿತು. ಇಂಗ್ಲಿಷಿನಲ್ಲಿ ಅಷ್ಟು ಸಿಟ್ಟು ತೋರಿಸಲು ನನಗೆ ಬರುವುದಿಲ್ಲ.

ಮ್ಯಾನೇಜರನನ್ನು ಹತ್ತಿಸಿಕೊಂಡು ಬಸ್ಸು ಹೋಗಿತ್ತು. ಶಾಂತಾಬಾಯಿ ಮುಂದಿನ ಊರಿನವರೆಗೆ ನಮ್ಮ ಜೊತೆ ರೈಲಿನಲ್ಲಿ ಬರುವುದೆಂದಾಯಿತು. ಅವರು ಚಹಾ ಕುಡಿಯುವಾಗ ನಾನು ಡೊಂಬಿವಲಿಗೆ ಫೋನ್ ಮಾಡಿದೆ. ನಮ್ಮ ಮನೆಯ ಕೀಲಿ ಪಕ್ಕದ ಶೆಟ್ಟರ ಬಳಿ ಇತ್ತು. ಅಲ್ಲಿ ದೊಡ್ಡ ಅನಾಹುತವೇನೋ ಆಗಿದೆ, ನಮಗೆ ಅದರ ಸೂಚನೆ ಬಂದಿದೆ ಎಂದು ನನ್ನಂಥವನೂ ಯೋಚಿಸಿಬಿಟ್ಟಿದ್ದೆ.

"ಗ್ಯಾಸು ಬಿಟ್ಟಿದ್ದಾರಾ ಶೆಟ್ರೇ?"

"ಇಲ್ಲ ಮಾರಾಯ್ರೆ, ವಿಚಿತ್ರ! ಇವತ್ತು ಬೆಳಿಗ್ಗೆಯಿಂದ ಒಂದು ಚೂರು ವಾಸನೆ ಇಲ್ಲ. ಕಂಪನಿಯ ನಾಲೆಯ ಹತ್ತಿರವೂ ಇಲ್ಲ. ಸೊಸೈಟಿಯವರೆಲ್ಲ ಟೆರೇಸಿನಲ್ಲಿದ್ದೇವೆ. ಮಲಂಗಗಡದ ಬೆಟ್ಟ ಎಷ್ಟು ಚಂದ ಕಾಣುತ್ತಿದೆ ಅಂತೀರಿ! ನೀವು ಸುಮ್ಮನೆ ಅಷ್ಟು ದೂರ ಹೋದಿರಿ."

ನನ್ನ ಮುಖ ನೋಡಿ ವಸಂತಿ ಫೋನ್ ಕಸಿದುಕೊಂಡಳು. ಶೆಟ್ಟರು ಅದೇ ಸಂತೋಷವನ್ನು ಅವಳಿಗೂ ಹೇಳಿರಬೇಕು. ಅವಳು ಪೂರ್ತಿ ಕೇಳಿಸಿಕೊಂಡು, ಇನ್ನೂ ಏದುಸಿರಿನಲ್ಲೇ ಹೇಳಿದಳು. "ಎಲ್ಲರೂ ಕೆಳಗೆ ಹೋಗಿ ಕಿಟಕಿ ಹಾಕಿಕೊಳ್ಳಿ ಶೆಟ್ರೇ. ಇಲ್ಲಿಂದ ಈಗಷ್ಟೇ ಹೊರಟಿದೆ."

ಮತ್ತೆ ಯುರೋಪಿಗೆ ಹೋದರೆ ಶಾಂತಾಬಾಯಿಯ ಜೊತೆಗೇ, ಅವರು ಬಸ್ಸಿನಲ್ಲಿ ಹೋದರೆ ಬಸ್ಸಿನಲ್ಲೇ, ಎಂದು ವಸಂತಿ ತೀರ್ಮಾನಿಸಿದ್ದಾಳೆ. ನಾನು ವಾದಿಸಿಲ್ಲ. ಆ ದಿನ ಆಮೇಲೆ ಡೊಂಬಿವಲಿಯಲ್ಲಿ ಏನಾಯಿತೆಂದು ಶೆಟ್ಟರೂ ಹೇಳಲಿಲ್ಲ. ಒಂದು ಪೆಟ್ಟಿಗೆಯ ಲೆಕ್ಕ ತಪ್ಪಿದರೂ ಬೆನ್ನು ಬಿಡದ ನಾನು, ಅದನ್ನು ಮಾತ್ರ ಇವತ್ತಿನವರೆಗೂ ಕೇಳಿಲ್ಲ.