ವೈಸ್ ಅವರ ಸನ್ನೆಹೆಸರು

ನೆನಿತಾ ದಲುಂಪಿನೆಸ್ ಮಾತು ಕಲಿಯುವ ಮೊದಲೇ ಕೈಸನ್ನೆ ಕಲಿತವಳು. ಅವಳ ತಾಯಿ ಕೊನ್ಸಿಂಗ್ ಹುಟ್ಟು ಕಿವುಡಿ, ದರ್ಜಿ. ನಮ್ಮ ಪ್ರಾಂತ್ಯ ಮಂಡಳಿಯ ಕಲಾಪ ಟೀವಿಯಲ್ಲಿ ನೇರ ಬರತೊಡಗಿದಾಗ ಕಿವುಡರಿಗಾಗಿ ಅದನ್ನು ಸನ್ನೆಗೆ ತಿರುಗಿಸುವ ಕೆಲಸ ನೆನಿತಾಗೇ ಸಿಕ್ಕಿತು. ನಾನು ಅಲ್ಲಿ ನಡಾವಳಿ ಬರೆಯುವ ಗುಮಾಸ್ತ. ಅವಳು ನನ್ನ ಮೇಜಿನ ಪಕ್ಕದಲ್ಲೇ ನಿಲ್ಲುತ್ತಿದ್ದಳು.

ಅಧ್ಯಕ್ಷಪೀಠದಲ್ಲಿ, ಸಭೆಯನ್ನು ಹದ್ದಿನಲ್ಲಿಡುವ ಮರದ ಸುತ್ತಿಗೆ ಹಿಡಿದು ಕೂತವರು ಉಪಗವರ್ನರ್, ಅಂದರೆ ವೈಸ್ ಗವರ್ನರ್, ಟಿಯೊಡುಲೊ ಮಗ್ಬನುವಾ; ಊರಿಗೆಲ್ಲ ಬರೀ ‘ವೈಸ್’. ಮೂರು ತಾಸಿನ ಕಲಾಪವನ್ನು ನಲವತ್ತು ನಿಮಿಷಕ್ಕೆ ಮುಗಿಸುತ್ತೇನೆಂದು ಅವರಿಗೆ ಜಂಬ. ಪತ್ರಿಕೆಯವರು ‘ದಕ್ಷ ನಾಯಕ’ ಎಂದು ಬರೆದರು. ಕಿವುಡರಿಗೆ ಕಂಡದ್ದೇ ಬೇರೆ.

ಸನ್ನೆಯಲ್ಲಿ ಯಾರ ಹೆಸರನ್ನೂ ಅಕ್ಷರ ಬಿಡಿಸುತ್ತ ಕೂರುವುದಿಲ್ಲ. ಆಸಾಮಿಯನ್ನು ನೋಡಿ ಒಂದು ಹೆಸರು ಕಟ್ಟುತ್ತಾರೆ. ಕಟ್ಟುವ ಹಕ್ಕು ಕಿವುಡರದು, ದುಭಾಷಿಯದಲ್ಲ. ಭಾನುವಾರ ಚರ್ಚು ಮುಗಿಸಿ ನೂಡಲ್ ಸಾರಿನ ಅಂಗಡಿಯಲ್ಲಿ ಸೇರಿದ ಹನ್ನೆರಡು ಜನ ಕಿವುಡರು ಕೈಕೈ ಬೀಸಿ ಜಗಳವಾಡಿ, ಕೊನೆಗೆ ವೈಸ್‌ಗೆ ಕೊನ್ಸಿಂಗ್ ಕಟ್ಟಿದ್ದನ್ನು ಒಪ್ಪಿದರು: ಮುಷ್ಟಿಯಿಂದ ಅಂಗೈಗೆ ಒಂದು ಗುದ್ದು, ಮರುಕ್ಷಣವೇ ಬಾಯಿ ಮುಚ್ಚುವುದು.

“ನನ್ನ ಕೆಲಸ ಹೋದ್ರೆ?” ಎಂದಳು ನೆನಿತಾ.

“ಗುಂಡಿ ಹೊಲಿಯೋಕೆ ಬಾ,” ಎಂದಳು ತಾಯಿ, ಕೈಯಲ್ಲೇ.

ಒಂದು ದಿನ ವೈಸ್ ಟೀವಿಯಲ್ಲಿ ತಮ್ಮನ್ನೇ ನೋಡಿಕೊಂಡು ಬಂದರು. “ಅಲ್ಲಮ್ಮಾ, ಗಳಿಗೆಗೊಂದು ಸಲ ಕೈ ಗುದ್ಕೊಳ್ತೀಯಲ್ಲ, ಏನದು?”

“ನಿಮ್ಮ ಹೆಸರು, ವೈಸ್. ಸುತ್ತಿಗೆ ಹಿಡಿದವರು ಅಂತ.”

ಅವಳು ಹೇಳಿದ್ದು ಅರ್ಧ ನಿಜ. ವೈಸ್‌ಗೆ ಹಿಗ್ಗೋ ಹಿಗ್ಗು. “ನಂಗೂ ಕಲಿಸು!” ಎಂದು ಅಲ್ಲೇ ನಿಂತು ಕಲಿತರು.

ಸೋಮವಾರ ಹನ್ನೆರಡು ಜನವೂ ಪ್ರೇಕ್ಷಕರ ಸಾಲಿಗೆ ಬಂದಿದ್ದರು. ವೈಸ್ ಎದ್ದು ನಿಂತು ಗುದ್ದಿದರು, ಬಾಯಿ ಮುಚ್ಚಿಕೊಂಡರು. ಸಾಲಿಗೆ ಸಾಲೇ ನಕ್ಕು ಹಲಗೆ ನೆಲವನ್ನು ಕಾಲಿಂದ ಬಡಿಯಿತು. ಪ್ರೀತಿ ಉಕ್ಕಿತೆಂದುಕೊಂಡು ವೈಸ್ ಇನ್ನೂ ಜೋರಾಗಿ ಗುದ್ದಿದರು. ನೆನಿತಾ ಗೋಡೆ ಹಿಡಿದು ನಕ್ಕಳು. ನಾನು ನಡಾವಳಿಯಲ್ಲಿ ಏನು ಬರೆದೆನೋ, ಆಮೇಲೆ ಓದಲಿಕ್ಕೇ ಆಗಲಿಲ್ಲ.

ನೆನಿತಾಳ ನಗು ಕಂಡು ಅನುಮಾನ ಬಂದಿರಬೇಕು; ಕಲಾಪ ಮುಗಿದ ಕೂಡಲೇ, ಹೆಸರು ಕಟ್ಟಿದ್ದು ಯಾರೆಂದು ಕೇಳಿ ವೈಸ್ ನೇರ ಕೊನ್ಸಿಂಗ್ ಹತ್ತಿರ ಹೋದರು. “ಬಾಯಿ ಮುಚ್ಚೋದು ಯಾಕೆ?”

ತಾಯಿಯ ಉತ್ತರವನ್ನು ಮಗಳೇ ಬಾಯಿಬಿಟ್ಟು ಹೇಳಬೇಕಾಯಿತು. “ಎದ್ದು ನಿಂತವರು ಬಾಯಿ ತೆರೆಯೋ ಮುಂಚೆ ನೀವು ಸುತ್ತಿಗೆ ಬಡೀತೀರಿ. ನಮಗೆ ಕಿವಿ ಕೇಳಿಸಲ್ಲ, ಕಣ್ಣು ಕಾಣಿಸುತ್ತೆ... ಅಂತಾಳೆ, ವೈಸ್.”

ವೈಸ್ ಕಿವಿ ಕೆಂಪಾಯಿತು. “ನನಗಿಂತ ಮುಂಚೆ ಇದ್ದವರಿಗೆ ಏನು ಹೆಸರಿಟ್ಟಿದ್ರಿ?” ಎಂದರು.

ಕೊನ್ಸಿಂಗ್ ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಇಳಿಬಿಟ್ಟು, ಜೊಲ್ಲು ಸುರಿಯುವುದನ್ನು ಬೆರಳಲ್ಲಿ ತೋರಿಸಿದಳು.

ವೈಸ್ ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ಸದ್ಯ, ನಾನು ಎಚ್ಚರವಾಗಾದ್ರೂ ಇದ್ದೀನಿ!”

ಮುಂದಿನ ಸೋಮವಾರ ವಿರೋಧ ಪಕ್ಷದ ಪೆರ್ಪೆತುವಾ ಎದ್ದರು, ಕಡಲಕಳೆ ಬೆಳೆಯುವವರಿಗೆ ದೋಣಿಕಟ್ಟೆ ಬೇಕೆಂದು. ವೈಸ್ ಕೈ ತಾನಾಗಿ ಸುತ್ತಿಗೆಯತ್ತ ಹೋಯಿತು. ಎದುರಿನ ಸಾಲಿನಲ್ಲಿ ಹನ್ನೆರಡು ಅಂಗೈಗಳ ಮೇಲೆ ಹನ್ನೆರಡು ಮುಷ್ಟಿಗಳು ಎದ್ದು ಕಾಯುತ್ತಿದ್ದವು. ವೈಸ್ ಸುತ್ತಿಗೆಯನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತುಬಿಟ್ಟರು.

ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿ ಗೊತ್ತಿಲ್ಲದ ಪೆರ್ಪೆತುವಾ ಐವತ್ತು ನಿಮಿಷ ಮಾತಾಡಿದರು. ರುಚಿ ಹತ್ತಿ ಉಳಿದವರೂ ಎದ್ದರು. ಊಟದ ಹೊತ್ತು ಮೀರಿತು. ನೆನಿತಾಳ ತೋಳು ಸೋತು, ಕಡಲಕಳೆಯೂ ಕಂದಾಯವೂ ಒಂದೇ ಸನ್ನೆಯಾಗಿಹೋದವು.

“ವೈಸ್, ದಮ್ಮಯ್ಯ, ಒಂದೇ ಒಂದ್ಸಲ ಬಡೀರಿ!” ಎಂದು ಅವಳು ಪೀಠದ ಬಳಿಯೇ ಹೋಗಿ ಬೇಡಿದಳು.

“ಬಡಿದ್ರೆ ನಿಮ್ಮಮ್ಮ ಬಿಡ್ತಾಳಾ?”

ದೋಣಿಕಟ್ಟೆಗೆ ಒಪ್ಪಿಗೆ ಸಿಕ್ಕಿತು. ಹೆಸರು ಬದಲಿಸಲು ಮಾತ್ರ ಕೊನ್ಸಿಂಗ್ ಒಪ್ಪಲಿಲ್ಲ, “ಇನ್ನೂ ಒಂದು ವರ್ಷ ನೋಡ್ತೀವಿ” ಎಂದಳು. ತಿಂಗಳೊಳಗೆ ಮಂಡಳಿ ಎರಡನೇ ದುಭಾಷಿಯನ್ನು ನೇಮಿಸಿತು. ಆ ಹುಡುಗಿ ಬಂದ ದಿನ ನೆನಿತಾ ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತು, ಶೇಂಗಾ ಸುಲಿಯುತ್ತ, ಇಡೀ ಕಲಾಪವನ್ನು ಸುಮ್ಮನೆ ನೋಡಿದಳು.